ಒಂದು ಚೌಕ, ನೂರಿಪ್ಪತ್ತು ಕಂಬ

ಚಳ್ಳಕೆರೆ ಅಂದ್ರೆ ಶೇಂಗಾ ಎಣ್ಣೆ ಮತ್ತು ಕಂಬಳಿ. ಮೊಳಕಾಲ್ಮೂರು ಅಂದ್ರೆ ರೇಷ್ಮೆ ಸೀರೆ. ಚಿತ್ರದುರ್ಗ ಜಿಲ್ಲೆಯ ಈ ಎರಡು ಅಕ್ಕಪಕ್ಕದ ತಾಲೂಕುಗಳಿಂದ ಬಂದ ಸ್ನೇಹಿತರು ನಮ್ಮ ಕಾಲೇಜಿನಲ್ಲೂ ಇದ್ದಾರೆ. ಈ ಸಂಚಿಕೆಯ 'ಕೈಕೆಲಸ ಕಲಿಯೋಣ' ಪಾಠಕ್ಕೆ ಈ ಎರಡೂ ಊರಿಗೆ ಹತ್ತಿರದ ಒಂದು ಕೆಲಸ ಆರಿಸಿಕೊಂಡಿದ್ದೇವೆ. ಅದು ಕ್ರೋಶಾದಲ್ಲಿ ಹೊದಿಕೆಗೆ ಬೇಕಾದ ಒಂದು ಸರಳ ಲೇಸ್ ಚೌಕ. ಜೊತೆಗೆ ಸ್ವಲ್ಪ ಲೆಕ್ಕವೂ ಇದೆ, ಎಂಜಿನಿಯರಿಂಗ್‌ನವರು ಅಲ್ವಾ!

ಮೊದಲು ವ್ಯತ್ಯಾಸ ತಿಳ್ಕೊಳ್ಳೋಣ

ಕಂಬಳಿ ನೇಯ್ಗೆ. ಕುರಿ ಉಣ್ಣೆ ಕತ್ತರಿಸಿ, ಬಿಡಿಸಿ, ನೂತು, ನೂಲಿಗೆ ಹುಣಸೆ ಬೀಜದ ಗಂಜಿ ಹಾಕಿ ಗಟ್ಟಿ ಮಾಡಿ, ಗುಂಡಿ ಮಗ್ಗದಲ್ಲಿ ನೇಯುತ್ತಾರೆ. ಹಾಸು ಎಳೆಗಳು ಮೊದಲೇ ಬಿಗಿಯಾಗಿ ನಿಂತಿರುತ್ತವೆ, ಹೊಕ್ಕು ಎಳೆ ಅಡ್ಡ ಓಡುತ್ತದೆ. ಹಾಗಾಗಿ ಬಟ್ಟೆಯ ಅಗಲ ಮಗ್ಗದಲ್ಲೇ ನಿರ್ಧಾರ ಆಗಿಬಿಡುತ್ತದೆ.

ಕ್ರೋಶಾದಲ್ಲಿ ಮಗ್ಗ ಇಲ್ಲ, ಹಾಸೂ ಇಲ್ಲ, ಹೊಕ್ಕೂ ಇಲ್ಲ. ಒಂದೇ ದಾರ, ತುದಿಯಲ್ಲಿ ಕೊಕ್ಕೆ ಇರೋ ಒಂದು ಕಡ್ಡಿ, ಅಷ್ಟೆ. ಒಂದು ಕುಣಿಕೆಯೊಳಗಿಂದ ಇನ್ನೊಂದು ಕುಣಿಕೆ ಎಳೀತಾ ಹೋಗೋದು. ಅಗಲ ಎಷ್ಟು, ಆಕಾರ ಏನು ಅನ್ನೋದನ್ನ ನಿಮ್ಮ ಎಣಿಕೆಯೇ ನಿರ್ಧರಿಸಬೇಕು. ಎಣಿಕೆ ತಪ್ಪಿದ್ರೆ ಚೌಕ ಬಟ್ಟಲಾಗುತ್ತೆ, ಇಲ್ಲಾ ಹಪ್ಪಳದ ಹಾಗೆ ಸೊಟ್ಟಗಾಗುತ್ತೆ.

ಈ ಕೆಲಸ ನಮಗೆ ಹೊಸದೇನಲ್ಲ. ರೇಷ್ಮೆ ಸೀರೆಯ ಸೆರಗಿಗೆ ಕ್ರೋಶಾ ಕುಚ್ಚು ಹಾಕೋದು ಕರ್ನಾಟಕದ ಊರೂರಲ್ಲೂ ಇದೆ. ನಿಮ್ಮ ಅಮ್ಮನೋ, ಚಿಕ್ಕಮ್ಮನೋ, ಪಕ್ಕದ್ಮನೆ ಆಂಟಿಯೋ ಕುಚ್ಚು ಹಾಕೋರಾದ್ರೆ ಕೆಳಗಿನ ಪಾಠ ಅವರಿಗೆ ಆಗಲೇ ಗೊತ್ತು. ಕುಚ್ಚಿನಲ್ಲಿರೋ ಚೈನು, ಕಂಬಗಳೇ ಇಲ್ಲೂ ಇರೋದು. ಅರ್ಥ ಆಗದಿದ್ರೆ ಮೊದಲು ಅವರ ಹತ್ರ ಹೋಗಿ ಕೂತ್ಕೊಳ್ಳಿ.

ಬೇಕಾಗುವ ಸಾಮಾನು

4 ಮಿ.ಮೀ. ಕ್ರೋಶಾ ಕಡ್ಡಿ, ಅದಕ್ಕೆ ಹೊಂದೋ ಮಧ್ಯಮ ದಪ್ಪದ ದಾರ, ಕತ್ತರಿ, ದೊಡ್ಡ ಕಣ್ಣಿನ ಮೊಂಡು ಸೂಜಿ. ಅಂಗಡಿಯಲ್ಲಿ 'ಉಲನ್' ಅಂತ ಕೊಡೋದು ಬಹಳ ಸಲ ಅಕ್ರಿಲಿಕ್, ಕುರಿ ಉಣ್ಣೆ ಅಲ್ಲ, ಲೇಬಲ್ ಓದಿ. ಚಳ್ಳಕೆರೆ ಕಡೆಯ ಒಣ ಬಿಸಿಲಿಗೆ ಹತ್ತಿ ದಾರ ಒಳ್ಳೇದು, ಬೆವರು ಹೀರುತ್ತೆ. ಕಲಿಯೋವಾಗ ತಿಳಿ ಬಣ್ಣ ಇರಲಿ. ಕಪ್ಪು ದಾರದಲ್ಲಿ ಹೊಲಿಗೆ ಕಾಣಿಸೋದೇ ಇಲ್ಲ.

ಮೂರೇ ಹೊಲಿಗೆ

ಚೈನು: ಕಡ್ಡಿ ಮೇಲಿರೋ ಕುಣಿಕೆಗೆ ದಾರ ಸುತ್ತಿ ಒಳಗಿಂದ ಎಳೆಯಿರಿ.

ಸ್ಲಿಪ್ ಸ್ಟಿಚ್: ಹೊಲಿಗೆಯೊಳಗೆ ಕಡ್ಡಿ ತೂರಿಸಿ, ದಾರ ಹಿಡಿದು, ಹೊಲಿಗೆ ಮತ್ತು ಕಡ್ಡಿ ಮೇಲಿನ ಕುಣಿಕೆ ಎರಡರೊಳಗಿಂದಲೂ ಒಂದೇ ಸಲ ಎಳೆಯಿರಿ. ಇದು ಜೋಡಿಸೋಕೆ ಮತ್ತು ಮುಂದೆ ಸರಿಯೋಕೆ.

ಕಂಬ: ಮೊದಲು ಕಡ್ಡಿಗೆ ಒಂದು ಸುತ್ತು ದಾರ. ಆಮೇಲೆ ಕಡ್ಡಿ ತೂರಿಸಿ ದಾರ ಎಳೆದರೆ ಕಡ್ಡಿ ಮೇಲೆ ಮೂರು ಕುಣಿಕೆ. ದಾರ ಸುತ್ತಿ ಎರಡರಿಂದ ಎಳೆಯಿರಿ, ಮತ್ತೆ ಸುತ್ತಿ ಉಳಿದ ಎರಡರಿಂದ ಎಳೆಯಿರಿ. ಅಮೆರಿಕದ ವಿಡಿಯೋಗಳಲ್ಲಿ ಇದೇ ಡಬಲ್ ಕ್ರೋಶಾ, ಬ್ರಿಟಿಷ್ ಪುಸ್ತಕಗಳಲ್ಲಿ ಇದೇ ಟ್ರೆಬಲ್. ಎರಡನ್ನೂ ಬೆರೆಸಿದ್ರೆ ಅಳತೆ ಕೆಡುತ್ತೆ, ಅದಕ್ಕೇ ಇಲ್ಲಿ ಕಂಬ ಅಂತಲೇ ಕರೆಯೋಣ.

ಚೌಕ ಹೆಣೆಯುವ ಕ್ರಮ

ಶುರು: ಜಾರುಗಂಟು ಹಾಕಿ 4 ಚೈನು. ಮೊದಲ ಚೈನಿಗೆ ಸ್ಲಿಪ್ ಸ್ಟಿಚ್ ಹಾಕಿದ್ರೆ ಒಂದು ಉಂಗುರ ಆಯ್ತು.

1ನೇ ಸುತ್ತು: 3 ಚೈನು (ಇದೇ ಮೊದಲ ಕಂಬ ಅಂತ ಲೆಕ್ಕ). ಉಂಗುರದೊಳಗೆ ಇನ್ನೂ 2 ಕಂಬ, ಆಮೇಲೆ 2 ಚೈನು. ಮುಂದೆ '3 ಕಂಬ, 2 ಚೈನು' ಅನ್ನೋದನ್ನ ಮೂರು ಸಲ. ಶುರುವಿನ 3 ಚೈನಿನ ತಲೆಗೆ ಸ್ಲಿಪ್ ಸ್ಟಿಚ್ ಹಾಕಿ ಸುತ್ತು ಮುಚ್ಚಿ. 12 ಕಂಬ, 4 ಮೂಲೆ.

2ನೇ ಸುತ್ತು: ಪಕ್ಕದ 2 ಕಂಬಗಳ ಮೇಲೆ ಸ್ಲಿಪ್ ಸ್ಟಿಚ್ ಹಾಕ್ತಾ ಮೂಲೆಯ ಕಿಂಡಿಗೆ ಸರಿಯಿರಿ. ಆ ಕಿಂಡಿಗೊಂದು ಸ್ಲಿಪ್ ಸ್ಟಿಚ್. 3 ಚೈನು, 2 ಕಂಬ, 2 ಚೈನು, 3 ಕಂಬ, ಎಲ್ಲಾ ಅದೇ ಕಿಂಡಿಯಲ್ಲಿ. ಆಮೇಲೆ 1 ಚೈನು. ಉಳಿದ ಮೂರು ಮೂಲೆಗಳಲ್ಲೂ '3 ಕಂಬ, 2 ಚೈನು, 3 ಕಂಬ', ಪ್ರತಿ ಮೂಲೆ ಆದ ಮೇಲೆ 1 ಚೈನು. ಸುತ್ತು ಮುಚ್ಚಿ. 24 ಕಂಬ.

3ನೇ ಸುತ್ತು: ಮೂಲೆಗಳು ಹಾಗೇ. ಎರಡು ಮೂಲೆಗಳ ನಡುವಿನ ಕಿಂಡಿಯಲ್ಲಿ 3 ಕಂಬ, ಅದರ ಎರಡೂ ಪಕ್ಕ 1 ಚೈನು. 36 ಕಂಬ.

4ನೇ ಸುತ್ತು: ಅದೇ ರೀತಿ, ಈಗ ಪ್ರತಿ ಬದಿಯಲ್ಲಿ ಎರಡು ನಡುಕಿಂಡಿ. 48 ಕಂಬ. ದಾರ ಒಂದು ಗೇಣು ಬಿಟ್ಟು ಕತ್ತರಿಸಿ, ತುದಿಯನ್ನ ಕೊನೆಯ ಕುಣಿಕೆಯಿಂದ ಪೂರ್ತಿ ಹೊರಗೆಳೆದು ಬಿಗಿ ಮಾಡಿ. ಇದನ್ನ ಮಾತ್ರ ಮರೀಬೇಡಿ. ಕೊನೆಯ ಕುಣಿಕೆ ಬಿಟ್ಟು ದಾರ ಎಳೆದ್ರೆ ಇಡೀ ಚೌಕ ಸರಸರ ಬಿಚ್ಕೊಳ್ಳುತ್ತೆ. ತಪ್ಪಾದಾಗ ಇದೇ ಗುಣ ಅನುಕೂಲ, ಬಿಚ್ಚಿ ಮತ್ತೆ ಹಾಕಬಹುದು.

ಚಪ್ಪಟೆ ಯಾಕೆ ಬರುತ್ತೆ?

ಒಂದು ಕಂಬದ ಎತ್ತರ ಹೆಚ್ಚುಕಮ್ಮಿ ಅದರ ಅಗಲದ ಎರಡರಷ್ಟು. ಒಂದು ಸುತ್ತು ಹಾಕಿದಾಗ ಚೌಕ ಎರಡೂ ಕಡೆ ಒಂದೊಂದು ಕಂಬದೆತ್ತರ ಬೆಳೆಯುತ್ತೆ. ಅಂದ್ರೆ ಬದಿಯ ಉದ್ದ ಎರಡು ಎತ್ತರದಷ್ಟು, ಅಗಲದ ಲೆಕ್ಕದಲ್ಲಿ ನಾಲ್ಕು ಹೊಲಿಗೆಯಷ್ಟು ಹೆಚ್ಚಬೇಕು. ನಾವು ಪ್ರತಿ ಸುತ್ತಿಗೆ ಪ್ರತಿ ಬದಿಗೆ ಸೇರಿಸಿದ್ದೆಷ್ಟು? 3 ಕಂಬ, 1 ಚೈನು, ಒಟ್ಟು ನಾಲ್ಕು. ಲೆಕ್ಕ ಸರಿಹೋಯ್ತು, ಚೌಕ ಚಪ್ಪಟೆಯಾಗಿ ಕೂತ್ಕೊಳ್ತು.

ನಿಮ್ಮ ಚೌಕ ಬಟ್ಟಲಾಗ್ತಿದ್ರೆ ಕೈ ಬಿಗಿ ಇದೆ ಅಥವಾ ಎಲ್ಲೋ ಕಂಬ ಬಿಟ್ಟಿದ್ದೀರಿ, 4.5 ಮಿ.ಮೀ. ಕಡ್ಡಿ ತಗೊಂಡು ನೋಡಿ. ಅಂಚು ಅಲೆಅಲೆಯಾದ್ರೆ ಜಾಸ್ತಿ ಹೊಲಿಗೆ ಬಿದ್ದಿದೆ. ನಡುವಿನ 1 ಚೈನು ತೆಗೆದು ನೋಡಿ. ಈ ಅಲೆಯನ್ನೇ ಬೇಕಂತ ಮಾಡಿದವರೂ ಇದ್ದಾರೆ. 1997ರಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದ ಗಣಿತಜ್ಞೆ ಡೈನಾ ತೈಮಿನಾ, ಹೊಲಿಗೆಗಳನ್ನ ಒಂದೇ ಅನುಪಾತದಲ್ಲಿ ಹೆಚ್ಚಿಸ್ತಾ ಹೋಗಿ ಹೈಪರ್‌ಬೋಲಿಕ್ ಸಮತಲದ ಮಾದರಿಯನ್ನ ಕ್ರೋಶಾದಲ್ಲೇ ಹೆಣೆದು ಪಾಠಕ್ಕೆ ಬಳಸಿದ್ರು.

ಚೌಕದಿಂದ ಹೊದಿಕೆಗೆ

ಹತ್ತಿ ಚೌಕವನ್ನ ಒದ್ದೆ ಮಾಡಿ, ಥರ್ಮೋಕೋಲ್ ಮೇಲೆ ಒಂದೇ ಅಳತೆಗೆ ಗುಂಡುಸೂಜಿ ಚುಚ್ಚಿ ಒಣಗಿಸಿ. ಅಕ್ರಿಲಿಕ್‌ಗೆ ಇಸ್ತ್ರಿ ಪೆಟ್ಟಿಗೆ ತಾಗಿಸಬೇಡಿ, ಕರಗುತ್ತೆ. ಆಮೇಲೆ ಎರಡು ಚೌಕಗಳ ಅಂಚು ಕೂಡಿಸಿ ಸೂಜಿಯಲ್ಲಿ ಹೊಲಿಯಿರಿ, ಇಲ್ಲಾ ಕಡ್ಡಿಯಲ್ಲೇ ಸ್ಲಿಪ್ ಸ್ಟಿಚ್ ಹಾಕಿ. ಒಂದು ಚೌಕವನ್ನ ಅಡುಗೆಮನೆ ತಕ್ಕಡಿಯಲ್ಲಿ ತೂಗಿ, ಒಟ್ಟು ಚೌಕದಿಂದ ಗುಣಿಸಿದ್ರೆ ಎಷ್ಟು ದಾರ ಬೇಕು ಅಂತ ಗೊತ್ತಾಗುತ್ತೆ. ಜೋಡಣೆಗೆ ಸ್ವಲ್ಪ ಹೆಚ್ಚೇ ತನ್ನಿ.

ಈಗ ಕೂಲಿ ಲೆಕ್ಕ

ಒಂದು ಚೌಕಕ್ಕೆ 12+24+36+48, ಅಂದ್ರೆ 120 ಕಂಬ. ಸುತ್ತು n ಆದ್ರೆ ಒಟ್ಟು 6n(n+1). ಚೌಕದ ಬದಿ ಸುಮಾರು 10 ಸೆಂ.ಮೀ. ಅಂತಿಟ್ಕೊಳ್ಳಿ. 100 ಸೆಂ.ಮೀ. ಅಗಲ, 150 ಸೆಂ.ಮೀ. ಉದ್ದದ ಚಿಕ್ಕ ಹೊದಿಕೆಗೆ 150 ಚೌಕ, 18,000 ಕಂಬ. ಕೈ ಪಳಗಿದವರಿಗೆ ಒಂದು ಚೌಕಕ್ಕೆ 20 ನಿಮಿಷ ಅಂದ್ರೂ 50 ಗಂಟೆ. 300 ದಾರದ ತುದಿ ಅಡಗಿಸೋಕೆ, ಜೋಡಿಸೋಕೆ ಇನ್ನೊಂದು 10 ಗಂಟೆ ಸೇರಿಸಿ. ಅದನ್ನ 2,000 ರೂಪಾಯಿಗೆ ಮಾರಿದ್ರು, ದಾರಕ್ಕೆ 800 ಹೋಯ್ತು ಅನ್ಕೊಳ್ಳಿ. ಉಳಿದಿದ್ದು 1,200. ಗಂಟೆಗೆ 20 ರೂಪಾಯಿ! ಇದು ಉದಾಹರಣೆಯ ಬೆಲೆ, ನಿಮ್ಮೂರಿನ ಬೆಲೆ ಹಾಕಿ ನೀವೇ ನೋಡಿ.

ಇಷ್ಟು ಕಮ್ಮಿ ಯಾಕೆ? ಪಕ್ಕದ ಆಂಧ್ರದಲ್ಲಿ, ಗೋದಾವರಿ ಸೀಮೆಯ ನರಸಾಪುರದಲ್ಲಿ ಇದಕ್ಕೆ ಉತ್ತರ ಹುಡುಕಿದವರು ಜರ್ಮನ್ ಸಮಾಜಶಾಸ್ತ್ರಜ್ಞೆ ಮರಿಯಾ ಮೀಸ್. ಮಿಷನರಿಗಳು 19ನೇ ಶತಮಾನದಲ್ಲಿ ಅಲ್ಲಿ ಕ್ರೋಶಾ ಲೇಸ್ ಕಲಿಸಿದ್ರು, ಮುಂದೆ ಅದು ವಿದೇಶಕ್ಕೆ ಹೋಗೋ ದೊಡ್ಡ ವ್ಯಾಪಾರವಾಯ್ತು. ಆದರೆ ಹೆಣೆಯೋ ಹೆಂಗಸರನ್ನ ಯಾರೂ ಕೆಲಸಗಾರರು ಅನ್ನಲಿಲ್ಲ. ಮನೆಯಲ್ಲಿ ಕೂತ ಗೃಹಿಣಿಯರು ಬಿಡುವಿನಲ್ಲಿ ಮಾಡ್ತಾರೆ ಅಂದ್ರು. ಆ 'ಬಿಡುವು' ಅನ್ನೋ ಮಾತಿನಿಂದಲೇ ಕೂಲಿ ಕೆಳಗಿಳೀತು ಅಂತ ಮೀಸ್ 1982ರ ತಮ್ಮ ಪುಸ್ತಕದಲ್ಲಿ ತೋರಿಸಿದ್ರು.

ನಮ್ಮಲ್ಲೂ ಸೆರಗಿಗೆ ಕುಚ್ಚು ಹಾಕೋರಿಗೆ 'ಹೇಗೂ ಮನೇಲೇ ಇರ್ತೀರಲ್ಲ, ಸ್ವಲ್ಪ ಕಮ್ಮಿ ಮಾಡ್ಕೊಳ್ಳಿ' ಅಂತೀವಿ. ಮೊಳಕಾಲ್ಮೂರು ಸೀರೆಗೆ ಜಿಐ ಮಾನ್ಯತೆ ಇದೆ, ಸೀರೆಗೆ ಸಾವಿರಗಟ್ಟಲೆ ಕೊಡ್ತೀವಿ, ಕುಚ್ಚಿಗೆ ಮಾತ್ರ ಚೌಕಾಸಿ. ಕಂಬಳಿಯ ಕಥೆಯೂ ಅದೇ. ಉಣ್ಣೆ ಬಿಡಿಸೋದು, ನೂಲೋದು, ಗಂಜಿ ಹಾಕೋದು ಇವೆಲ್ಲ ಮನೆಮಂದಿಯ ಕೆಲಸ. ನೇಯ್ದವರ ಕೂಲಿ ಲೆಕ್ಕಕ್ಕೆ ಬಂದ್ರೂ ಇವರದ್ದು ಬರೋದಿಲ್ಲ.

ಈ ವಾರದ ಅಭ್ಯಾಸ ಇಷ್ಟೇ: ಮೊಬೈಲಿನ ಸ್ಟಾಪ್‌ವಾಚ್ ಒತ್ತಿ ಒಂದು ಚೌಕ ಹೆಣೆಯಿರಿ. ಮೊದಲನೆಯದಕ್ಕೆ ಒಂದೂವರೆ ಗಂಟೆ ಹಿಡಿದ್ರೂ ಬೇಜಾರಾಗಬೇಡಿ. ಐದನೇ ಚೌಕದ ಸಮಯ ಬರೆದಿಟ್ಕೊಂಡು ಮೇಲಿನ ಲೆಕ್ಕಕ್ಕೆ ಹಾಕಿ. ಮುಂದಿನ ಸಲ ಚಳ್ಳಕೆರೆಯಲ್ಲಿ ಕಂಬಳಿ ಕೊಳ್ಳೋವಾಗ, ಇಲ್ಲಾ ಅಕ್ಕನ ಮದುವೆ ಸೀರೆಗೆ ಕುಚ್ಚು ಹಾಕಿಸೋವಾಗ, ಬೆಲೆ ಕೇಳೋದಕ್ಕಿಂತ ಮುಂಚೆ 'ಎಷ್ಟು ಹೊತ್ತು ಹಿಡಿಯುತ್ತೆ ಅಕ್ಕಾ?' ಅಂತ ಕೇಳಿ.