ಅಗ್ಗದ ಪ್ರಿಂಟರ್ ಕೊಳ್ಳುವ ಮುಂಚೆ

ನೋಡಪ್ಪ, ಲಿನಕ್ಸ್ ಕಂಪ್ಯೂಟರ್ ಇಟ್ಟುಕೊಂಡು ಡಿಟಿಪಿ ಅಂಗಡಿ ತೆರೆಯುತ್ತೀಯ ಅಂತ ಕೇಳಿ ಖುಷಿಯಾಯಿತು. ಸೆಕೆಂಡ್ ಹ್ಯಾಂಡ್ ಪ್ರಿಂಟರ್ ಅಗ್ಗಕ್ಕೆ ಸಿಗುತ್ತಿದೆ ಅಂದೆಯಲ್ಲ, ದುಡ್ಡು ಎಣಿಸುವ ಮುಂಚೆ ಅದರ ಮಾದರಿ ಸಂಖ್ಯೆ ಬರೆದುಕೊಂಡು ಬಾ. ರೇಟು ಆಮೇಲೆ ಮಾತಾಡೋಣ.

ದುಬಾರಿ ಲೇಸರ್ ಪ್ರಿಂಟರ್‌ಗೆ ಪೋಸ್ಟ್‌ಸ್ಕ್ರಿಪ್ಟ್ ಇಲ್ಲವೇ ಪಿಸಿಎಲ್ ಎಂಬ ಪುಟ ವಿವರಿಸುವ ಭಾಷೆ ಅರ್ಥವಾಗುತ್ತದೆ. ಯಾವ ಅಕ್ಷರ, ಎಷ್ಟು ಗಾತ್ರ, ಎಲ್ಲಿ ಕೂರಬೇಕು ಎಂದು ಕಂಪ್ಯೂಟರ್ ತಿಳಿಸಿದರೆ ಸಾಕು, ಪುಟವನ್ನು ಅದೇ ತಯಾರಿಸಿಕೊಳ್ಳುತ್ತದೆ. ಅಗ್ಗದ್ದರಲ್ಲಿ ಉಳಿಸಿರುವುದು ಆ ಬುದ್ಧಿಯ ಖರ್ಚನ್ನೇ. ಪುಟವನ್ನೆಲ್ಲ ಚುಕ್ಕಿಗಳಾಗಿ ಬಿಡಿಸಿ, ಆ ಕಂಪನಿಯದೇ ರೂಪದಲ್ಲಿ ಕಂಪ್ಯೂಟರೇ ಕಳಿಸಬೇಕು. ಆ ಕೆಲಸ ಡ್ರೈವರ್‌ನದು. ಅದು ವಿಂಡೋಸ್‌ಗೆ ಮಾತ್ರ ಇದ್ದರೆ ನಿನಗೆ ಸಿಕ್ಕಿದ್ದು ಅರ್ಧ ಪ್ರಿಂಟರ್.

ಉದಾಹರಣೆಗೆ ಎಚ್‌ಪಿ ಲೇಸರ್‌ಜೆಟ್ 1020 ನೋಡು. ಅದಕ್ಕೆ ಬೇಕಾದ ಫರ್ಮ್‌ವೇರ್ ಅದರೊಳಗೆ ಉಳಿಯುವುದೇ ಇಲ್ಲ. ಸ್ವಿಚ್ ಹಾಕಿದಾಗಲೆಲ್ಲ ಕಂಪ್ಯೂಟರಿನಿಂದ ಹೋಗಬೇಕು. ನಮ್ಮ ಕಡೆ ಕರೆಂಟ್ ಹೋಗಿ ಬರುವುದು ಗೊತ್ತೇ ಇದೆ. ಯುಪಿಎಸ್ ಮೇಲೆ ಕಂಪ್ಯೂಟರ್ ನಡೆಯುತ್ತಿರುತ್ತದೆ, ಪ್ರಿಂಟರ್ ಆರಿ ಹೊತ್ತಿಕೊಳ್ಳುತ್ತದೆ, ಆಮೇಲೆ ಪ್ರಿಂಟ್ ಕೊಟ್ಟರೆ ಜಪ್ಪಯ್ಯ ಅಂದರೂ ಬರುವುದಿಲ್ಲ. ಕೆಟ್ಟಿತೆಂದು ರಿಪೇರಿಗೆ ಹೊರಬೇಡ. ಯುಎಸ್‌ಬಿ ಕೇಬಲ್ ಕಿತ್ತು ಮತ್ತೆ ಹಾಕಿ ನೋಡು, ಎಷ್ಟೋ ಸಲ ಅಷ್ಟರಲ್ಲೇ ಸರಿಹೋಗುತ್ತದೆ. ಇದನ್ನು ಲಿನಕ್ಸ್‌ನಲ್ಲಿ ನಡೆಸಲು ಎಚ್‌ಪಿಯವರದೇ ಎಚ್‌ಪಿಲಿಪ್ ಎಂಬ ಡ್ರೈವರ್ ಇದೆ, ಜೊತೆಗೆ ಒಂದು ಪ್ಲಗಿನ್ ಬೇಕು. ಎಚ್‌ಪಿಲಿಪ್ ಅಪ್‌ಡೇಟ್ ಆದ ಮರುದಿನ ಪ್ರಿಂಟ್ ನಿಂತರೆ ಹೊಸ ಆವೃತ್ತಿಯ ಪ್ಲಗಿನ್ ಹಾಕು. ರಿಕ್ ರಿಚರ್ಡ್‌ಸನ್ ಎಂಬವರು ಬರೆದ ಫೂ2ಝಡ್‌ಜೆಎಸ್ ಡ್ರೈವರ್ ಕೂಡ ಇದೇ ಜಾತಿಯ ಪ್ರಿಂಟರ್‌ಗಳಿಗಾಗಿ ಹುಟ್ಟಿದ್ದು. ಅಂಥವರ ಶ್ರಮದಿಂದ ಎಷ್ಟು ಯಂತ್ರಗಳು ಗುಜರಿ ಸೇರದೆ ಉಳಿದಿವೆ!

ಕ್ಯಾನನ್ ಎಲ್‌ಬಿಪಿ2900 ಜೆರಾಕ್ಸ್ ಅಂಗಡಿಗಳಲ್ಲಿ ಸಾಕಷ್ಟು ಕಾಣುತ್ತದೆ, ಗಟ್ಟಿ ಯಂತ್ರ. ಆದರೆ ಅದರ ಭಾಷೆ ಕ್ಯಾಪ್ಟ್. ಕಂಪನಿ ಕೊಟ್ಟ ಲಿನಕ್ಸ್ ಡ್ರೈವರ್ ಹಳೆಯದು, ಹೊಸ ಸಿಸ್ಟಮ್‌ಗಳಲ್ಲಿ ತುಂಬಾ ಸತಾಯಿಸುತ್ತದೆ. ಹೊಸಬನಾದ ನಿನಗೆ ಅದು ಬೇಡ.

ಸರಿಯಾದ ಡ್ರೈವರ್ ಸಿಗಲಿಲ್ಲವೆಂದು ಹತ್ತಿರದ ಹೆಸರಿನ ಇನ್ನೊಂದನ್ನು ಹಾಕಲೇಬೇಡ. ಹಾಳೆಯ ತಲೆಯಲ್ಲಿ ಶೇಕಡಾ ಗುರುತು, ಆಶ್ಚರ್ಯ ಚಿಹ್ನೆ, ಪಿಎಸ್ ಎಂದು ಬಿದ್ದು ಕೆಳಗೆ ಸಾಲು ಸಾಲು ಕೋಡ್ ಬಂದರೆ, ಪೋಸ್ಟ್‌ಸ್ಕ್ರಿಪ್ಟ್ ಅರಿಯದ ಪ್ರಿಂಟರ್‌ಗೆ ಅದನ್ನು ಕಳಿಸಿದ್ದೀಯ ಎಂದೇ ಅರ್ಥ. ಸ್ವಿಚ್ ಆರಿಸಿದರೆ ಸಾಲದು. ಕಂಪ್ಯೂಟರಿನ ಸಾಲಿನಲ್ಲಿ ಕಾದಿರುವ ಕೆಲಸವನ್ನೂ ರದ್ದು ಮಾಡು. ಇಲ್ಲದಿದ್ದರೆ ಮತ್ತೆ ಹೊತ್ತಿಸಿದ ಕೂಡಲೇ ರೀಮು ಖಾಲಿಯಾಗುತ್ತದೆ.

ಲಿನಕ್ಸ್‌ನಲ್ಲಿ ಯಾವ ಪ್ರಿಂಟರ್ ನಡೆಯುತ್ತದೆ ಎಂದು ತಿಳಿಸುವ ಓಪನ್‌ಪ್ರಿಂಟಿಂಗ್‌ನವರ ಬಳಿ ಸಾವಿರಾರು ಮಾದರಿಗಳ ಪಟ್ಟಿಯಿದೆ. ಅದರಲ್ಲಿ ಏನೂ ನಡೆಯದವಕ್ಕೆ ಅವರಿಟ್ಟ ದರ್ಜೆ ಪೇಪರ್‌ವೆಯ್ಟ್! ನಿನ್ನದು ಆ ದರ್ಜೆಯಲ್ಲಿದ್ದರೆ ಆಸೆ ಬಿಡು. ಈಗಾಗಲೇ ಮನೆಗೆ ತಂದಿದ್ದರೆ ಎಸೆಯಬೇಡ. ಹಳೆಯ ವಿಂಡೋಸ್ ಲ್ಯಾಪ್‌ಟಾಪ್‌ಗೆ ಅದನ್ನು ಜೋಡಿಸಿ, ಲಿನಕ್ಸ್‌ನಲ್ಲಿ ಮಾಡಿದ ಪಿಡಿಎಫ್‌ ಅನ್ನು ಅಲ್ಲಿಗೆ ಕಳಿಸಿ ಪ್ರಿಂಟ್ ತೆಗೆ. ಫಾಂಟ್ ಪಿಡಿಎಫ್ ಒಳಗೇ ಅಡಕವಾಗಿದ್ದರೆ ಒತ್ತಕ್ಷರ ಒಡೆಯುವುದಿಲ್ಲ. ಮದುವೆ ಕರೆಯೋಲೆಯಲ್ಲಿ ಒಂದು ಒತ್ತು ಜಾರಿದರೂ ಮಾತು ಕೇಳಬೇಕಾದವನು ನೀನೇ.

ಹೊಸದನ್ನೇ ಕೊಳ್ಳುವಷ್ಟು ಕೈಯಲ್ಲಿದ್ದರೆ ಡಬ್ಬದ ಮೇಲೆ ಏರ್‌ಪ್ರಿಂಟ್ ಇದೆಯೇ ನೋಡು. 2010ರಲ್ಲಿ ಆಪಲ್ ತನ್ನ ಫೋನುಗಳಿಗೆಂದು ತಂದ ಈ ವ್ಯವಸ್ಥೆಯಿಂದ ನಮಗೂ ಲಾಭವಾಯಿತು: ಅಂಥ ಪ್ರಿಂಟರ್‌ಗಳನ್ನು ಲಿನಕ್ಸ್‌ನ ಮುದ್ರಣ ವ್ಯವಸ್ಥೆಯಾದ ಕಪ್ಸ್ ಬೇರೆ ಡ್ರೈವರ್ ಇಲ್ಲದೆಯೇ ಗುರುತಿಸುತ್ತದೆ.

ಹಳೆಯದೇ ಸಾಕು ಅಂದರೆ ಅದೂ ಸರಿ, ಆದರೆ ಬರಿಗೈಲಿ ಹೋಗಬೇಡ. ನಿನ್ನ ಲ್ಯಾಪ್‌ಟಾಪ್, ಒಂದು ಯುಎಸ್‌ಬಿ ಕೇಬಲ್ ತೆಗೆದುಕೊಂಡು ಹೋಗಿ, ಅವರ ಅಂಗಡಿಯಲ್ಲೇ ಒಂದು ಕನ್ನಡ ಪುಟ ಪ್ರಿಂಟ್ ಹೊಡೆಸು. ಒಮ್ಮೆ ಆರಿಸಿ ಹೊತ್ತಿಸಿ ಇನ್ನೊಂದು ಪುಟ ತೆಗೆ. ಎರಡೂ ಬಂದರೆ ದುಡ್ಡು ಕೊಡು.