ಜಿಂಕೆಯ ವಯಸ್ಸು: ಮೊದಲು ಮೈ ನೋಡಿ, ಆಮೇಲೆ ಕೊಂಬು

ಬಂಡೀಪುರ, ನಾಗರಹೊಳೆಯ ಸಫಾರಿಯಲ್ಲಿ ಹುಲಿ ಕಾಣದಿದ್ದರೂ ಚುಕ್ಕೆ ಜಿಂಕೆ ಕಂಡೇ ಕಾಣುತ್ತದೆ. ‘ಕೊಂಬಿನ ಕವಲು ಎಷ್ಟೋ ವಯಸ್ಸು ಅಷ್ಟು’ ಎಂದು ಪಕ್ಕದವರು ಹೇಳಿದರೆ ನಂಬಬೇಡಿ. ಈ ಕೊಂಬು ಉದುರಿ ಮತ್ತೆ ಹುಟ್ಟುವಂಥದ್ದು. ಬೆಳೆದ ಗಂಡಿಗೆ ಸಾಮಾನ್ಯವಾಗಿ ಒಂದೊಂದು ಕೊಂಬಿಗೆ ಮೂರೇ ಮೊನೆ, ಅದಕ್ಕೆ ನಾಲ್ಕು ವರ್ಷವಾಗಿರಲಿ, ಎಂಟಾಗಿರಲಿ.

ಮೊದಲು ಹಿಂಡಿನಲ್ಲಿ ಬೆಳೆದ ಹೆಣ್ಣೊಂದನ್ನು ಗುರುತಿಸಿಕೊಳ್ಳಿ. ಅದೇ ನಿಮ್ಮ ಅಳತೆಗೋಲು. ಮರಿಯ ಬೆನ್ನು ಅದರ ಹೊಟ್ಟೆಯ ಮಟ್ಟದಲ್ಲೇ ಇದ್ದರೆ ತೀರಾ ಎಳೆಯದು. ಅದಕ್ಕಿಂತ ಎತ್ತರ ಬಂದಿದ್ದರೂ ತಾಯಿಯ ಭುಜಕ್ಕೆ ಸಾಕಷ್ಟು ಕೆಳಗಿದ್ದರೆ ವರ್ಷದೊಳಗಿನದು ಎನ್ನಬಹುದು. ಚುಕ್ಕೆ ನೋಡಿ ಮರಿ ಎನ್ನುವಂತಿಲ್ಲ, ಈ ಜಾತಿಗೆ ಚುಕ್ಕೆ ಸಾಯುವವರೆಗೂ ಇರುತ್ತದೆ.

ಇನ್ನು ಗಂಡು. ಕವಲಿಲ್ಲದ ಎರಡು ನೇರ ಮೊನೆಯಷ್ಟೇ ಇದ್ದರೆ ಅದು ಮೊದಲ ಕೊಂಬು, ಪ್ರಾಯ ವರ್ಷದ ಆಸುಪಾಸು. ಕವಲೊಡೆದಿದ್ದರೂ ಕೊಂಬು ತೆಳ್ಳಗೆ, ಗಿಡ್ಡಗೆ ಇದ್ದು ಕತ್ತು ಹೆಣ್ಣಿನದರಂತೆ ಸಪೂರವಾಗಿದ್ದರೆ ಹರೆಯದ ಗಂಡು. ಬಲಿತದ್ದರ ಗುರುತು ಕತ್ತಿನಲ್ಲಿ: ಅದು ದಪ್ಪವಾಗುತ್ತದೆ, ಕತ್ತು-ಭುಜದ ಬಣ್ಣ ಕಂದುಗಪ್ಪಿಗೆ ತಿರುಗುತ್ತದೆ, ಮುಖದ ಕಪ್ಪು ಪಟ್ಟೆ ಎದ್ದು ಕಾಣುತ್ತದೆ. ಕೊಂಬು ಹುಟ್ಟುವ ಬುಡದ ಎಲುಬೂ ವರ್ಷ ಕಳೆದಂತೆ ದಪ್ಪಗಾಗಿ ಗಿಡ್ಡವಾಗುತ್ತದೆ. ಬೈನಾಕ್ಯುಲರ್ ಇದ್ದರೆ ಅಲ್ಲಿಗೇ ಹಿಡಿಯಿರಿ.

ಒಂದೇ ಹಿಂಡಿನಲ್ಲಿ ಗಟ್ಟಿ ಕೊಂಬಿನದು, ಮೆತ್ತನೆಯ ತುಪ್ಪಳು ಚರ್ಮ ಹೊದ್ದ ಎಳೆ ಕೊಂಬಿನದು, ಕೊಂಬು ಉದುರಿದ್ದು ಮೂರೂ ಸಿಗಬಹುದು. ಎಳೆ ಕೊಂಬು ಇನ್ನೂ ಬೆಳೆಯುತ್ತಿರುವುದರಿಂದ ಅದರ ಉದ್ದಕ್ಕೆ ಬೆಲೆ ಕೊಡಬೇಡಿ. ಕೊಂಬು ಉದುರಿದ ಗಂಡನ್ನು ಅವಸರದಲ್ಲಿ ಹೆಣ್ಣೆಂದು ಬರೆದುಕೊಳ್ಳುವುದೂ ಉಂಟು. ತೀರಾ ಮುದಿಯಾದಾಗ ಕೊಂಬು ಮತ್ತೆ ಸಣ್ಣದಾಗಬಹುದು, ಆಗ ಸೊರಗಿದ ಮೈಯೇ ಸಾಕ್ಷಿ.

ಬೆಳೆದ ಹೆಣ್ಣಿನ ವಿಷಯದಲ್ಲಿ ದೂರದಿಂದ ಹೆಚ್ಚೇನೂ ಹೇಳಲಾಗದು. ‘ವಯಸ್ಕ’ ಎಂದು ಬರೆದು ಮುಂದೆ ಹೋಗುವುದೇ ಪ್ರಾಮಾಣಿಕತೆ. ಗಂಡಿಗೂ ಅಷ್ಟೇ: ಮರಿ, ವರ್ಷದ್ದು, ಹರೆಯದ್ದು, ಬಲಿತದ್ದು ಎಂಬ ಗುಂಪು ಸಾಕು, ಇಂತಿಷ್ಟೇ ವರ್ಷ ಎನ್ನಲು ಹೋಗಬೇಡಿ.

ಇದಕ್ಕಿಂತ ನಿಖರವಾದ ಲೆಕ್ಕ ಬೇಕೆಂದರೆ ಹಲ್ಲು ನೋಡಬೇಕು, ಅದು ಸತ್ತ ಪ್ರಾಣಿಯಲ್ಲಿ ಸಂಶೋಧಕರು ಮಾಡುವ ಕೆಲಸ. ಕೆಳದವಡೆಯ ಕೊನೆಯ ಮುಂದವಡೆ ಹಲ್ಲಿಗೆ ಮೂರು ಉಬ್ಬುಗಳಿದ್ದರೆ ಅದಿನ್ನೂ ಹಾಲುಹಲ್ಲು. ಅದು ಬಿದ್ದು ಎರಡುಬ್ಬಿನ ಕಾಯಂ ಹಲ್ಲು ಬಂದಿದ್ದರೆ ಬೆಳೆದ ಜಿಂಕೆ. ಅಲ್ಲಿಂದ ಮುಂದೆ ಸವೆತವೇ ಲೆಕ್ಕ: ಬಿಳಿ ಎನಾಮಲ್ ತೇದು ಒಳಗಿನ ಕಂದು ಪದರ ಅಗಲವಾದಷ್ಟೂ ವಯಸ್ಸು ಹೆಚ್ಚು. ಕಾಡಿನಲ್ಲಿ ದವಡೆಯೋ ಉದುರಿದ ಕೊಂಬೋ ಕಂಡರೆ ಫೋಟೊ ತೆಗೆದು ಅಲ್ಲೇ ಬಿಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅನುಮತಿಯಿಲ್ಲದೆ ಅದನ್ನು ಮನೆಗೆ ತರುವುದು ಅಪರಾಧ.