ಸತ್ತ ದನವೂ ಸರಕಾರದ ನೆರವೂ

ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ನನ್ನ ಓದಿನ ಖರ್ಚು ನಡೆಯುತ್ತಿದ್ದುದು ಒಂದು ಎಮ್ಮೆಯ ಹಾಲಿನಿಂದ. 2024ರ ಮಳೆಗಾಲದಲ್ಲಿ ಆ ಎಮ್ಮೆ ಸಿಡಿಲಿಗೆ ಬಲಿಯಾಯಿತು. ತಂದೆಯವರು ಅಂದು ಸಂಜೆಯೇ ಹೊಲದ ಬದುವಿನಲ್ಲಿ ಗುಂಡಿ ತೋಡಿ ಅದನ್ನು ಹೂಳಿದರು. ಅನಂತರ ಪರಿಹಾರ ಕೇಳಲು ಹೋದಾಗ ಎದುರಾದ ಪ್ರಶ್ನೆ ಒಂದೇ: “ಮರಣೋತ್ತರ ಪರೀಕ್ಷೆಯ ವರದಿ ಎಲ್ಲಿ?” ಸಾವು ನಿಜ, ಸಾಕ್ಷ್ಯ ಮಾತ್ರ ಇರಲಿಲ್ಲ. ಬೇರೆ ದೇಶಗಳಲ್ಲಿ ಇದಕ್ಕೆ ಏನು ವ್ಯವಸ್ಥೆಯಿದೆಯೆಂದು ತಿಳಿಯುವ ಕುತೂಹಲ ನನಗೆ ಹುಟ್ಟಿದ್ದು ಆಗ. ಓದಿ ತಿಳಿದ ಅಮೆರಿಕದ ಒಂದು ಪ್ರಸಂಗವನ್ನು ವಾಚಕರ ಮುಂದಿಡುತ್ತೇನೆ.

ಆ ದೇಶದ ಸೌತ್ ಡಕೋಟ ರಾಜ್ಯದ ಪಶ್ಚಿಮಕ್ಕೆ ಮೀಡ್ ಮೊದಲಾದ ಕೌಂಟಿಗಳಿವೆ. ಕೌಂಟಿಯೆಂದರೆ ನಮ್ಮ ಜಿಲ್ಲೆಯಂಥ ಒಂದು ಆಡಳಿತ ವಿಭಾಗ. ಅಲ್ಲಿ ಜನ ವಿರಳ, ಹುಲ್ಲುಗಾವಲು ವಿಶಾಲ. ದನಸಾಕಣೆಯೇ ಅನೇಕರ ಜೀವನೋಪಾಯ. 2013ರ ಅಕ್ಟೋಬರ್ 3ರಿಂದ 5ರವರೆಗೆ ಅಲ್ಲಿ ಅಕಾಲದ ಹಿಮಪಾತವಾಯಿತು. ಮೊದಲು ಮಳೆ ಸುರಿದು ದನಗಳ ಮೈ ತೊಯ್ದಿತು. ಹಿಂದೆಯೇ ಬಿರುಗಾಳಿಯೊಡನೆ ಹಿಮ ಬಂತು. ಚಳಿಗಾಲದ ದಟ್ಟ ಕೂದಲು ಅವುಗಳಿಗೆ ಇನ್ನೂ ಬೆಳೆದಿರಲಿಲ್ಲ. ಸಹಸ್ರಾರು ದನಗಳು ಬಯಲಿನಲ್ಲಿಯೇ ಸತ್ತವು.

ರೈತರ ದುರ್ದೈವ ಅಲ್ಲಿಗೇ ಮುಗಿಯಲಿಲ್ಲ. 2008ರ ಕೃಷಿ ಕಾಯಿದೆಯಲ್ಲಿ ಜಾನುವಾರು ನಷ್ಟಕ್ಕೆ ಪರಿಹಾರವಿತ್ತು. ಆದರೆ 2011ರ ಸೆಪ್ಟೆಂಬರ್ 30ಕ್ಕೆ ಅದರ ಅವಧಿ ತೀರಿತ್ತು. ಮೇಲಾಗಿ, ಆಯವ್ಯಯದ ಜಗಳದಿಂದ 2013ರ ಅಕ್ಟೋಬರ್ 1ರಿಂದ 16ರವರೆಗೆ ಕೇಂದ್ರ ಸರಕಾರದ ಬಹಳಷ್ಟು ಕೆಲಸ ನಿಂತಿತ್ತು. ಕೌಂಟಿಯ ಕೃಷಿಸೇವಾ ಕಚೇರಿಗೂ ಬೀಗ! ಆಗ ತಿಳಿದವರು ರೈತರಿಗೆ ಕೊಟ್ಟ ಸಲಹೆ ಇಷ್ಟೆ: ಸತ್ತ ದನಗಳನ್ನು ಎಣಿಸಿರಿ, ಛಾಯಾಚಿತ್ರ ತೆಗೆಯಿರಿ, ಎಲ್ಲವನ್ನೂ ಬರೆದಿಡಿರಿ.

ಆ ಎಚ್ಚರ ವ್ಯರ್ಥವಾಗಲಿಲ್ಲ. 2014ರ ಫೆಬ್ರವರಿ 7ರಂದು ಅಧ್ಯಕ್ಷ ಒಬಾಮ ಅವರು ಹೊಸ ಕೃಷಿ ಕಾಯಿದೆಗೆ ಸಹಿ ಮಾಡಿದರು. ಅದು 2011ರ ಅಕ್ಟೋಬರ್ 1ರಿಂದ ಆದ ನಷ್ಟಗಳಿಗೂ ಅನ್ವಯಿಸಿತು. ಏಪ್ರಿಲ್ 15ರಿಂದ ಅರ್ಜಿ ಸ್ವೀಕಾರ ಆರಂಭವಾಯಿತು. ವರ್ಷವರ್ಷವೂ ಸಹಜವಾಗಿ ಸಾಯುವಷ್ಟನ್ನು ಕಳೆದು, ಉಳಿದವಕ್ಕೆ ಸರಾಸರಿ ಪೇಟೆಬೆಲೆಯ ಶೇಕಡ 75ರಷ್ಟು ಪರಿಹಾರ ಕೊಡುವುದೆಂದಾಯಿತು. ಸರಿಯಾದ ಕಾಗದಪತ್ರಗಳಿಲ್ಲದ ರೈತನಿಗೂ ಒಂದು ದಾರಿಯಿತ್ತು: ವಿಷಯ ಬಲ್ಲ, ಆದರೆ ಅದರಲ್ಲಿ ತನಗೆ ಲಾಭವಿಲ್ಲದ ಮೂರನೆಯ ವ್ಯಕ್ತಿಯ ಲಿಖಿತ ಹೇಳಿಕೆ. ಕೌಂಟಿಯ ಮಟ್ಟದಲ್ಲಿ ಇಂಥ ಯೋಜನೆಗಳನ್ನು ನೋಡಿಕೊಳ್ಳುವ ಸಮಿತಿಯನ್ನು ಆರಿಸುವವರೂ ಅಲ್ಲಿನ ರೈತರೇ.

ಇನ್ನು ನಮ್ಮ ದೇಶದ ಕಡೆ ನೋಡೋಣ. ವಿಪತ್ತು ಪರಿಹಾರ ನಿಧಿಗೆಂದು 2022ರಲ್ಲಿ ಕೇಂದ್ರ ಸರಕಾರ ಹೊರಡಿಸಿದ ಮಾನದಂಡದಲ್ಲಿ ಹಾಲು ಕೊಡುವ ಹಸು ಅಥವಾ ಎಮ್ಮೆಗೆ 37,500 ರೂಪಾಯಿ, ಕುರಿ ಅಥವಾ ಮೇಕೆಗೆ 4,000 ರೂಪಾಯಿ ಎಂದು ಗೊತ್ತುಪಡಿಸಲಾಯಿತು. ಅಲ್ಲಿಯದು ಪೇಟೆಬೆಲೆಯ ಪಾಲು. ಇಲ್ಲಿಯದು ಗೊತ್ತುಮಾಡಿದ ಮೊತ್ತ. ನಾವು ಕಲಿಯಬೇಕಾದದ್ದು ಮೊತ್ತದ ವಿಷಯವಲ್ಲ, ಸಾಕ್ಷ್ಯದ ವಿಷಯ. ನೆರವು ಸಲ್ಲುವುದು ಸತ್ತ ದನಕ್ಕಲ್ಲ, ಅದರ ದಾಖಲೆಗೆ. ದಾಖಲೆಯ ಅಭ್ಯಾಸವಿಲ್ಲದವನೇ ಹೆಚ್ಚು ಬಡವ.

ನೆರೆಯವನ ಮಾತನ್ನು ನಂಬಿದರೆ ಸುಳ್ಳು ಹೆಚ್ಚದೆ ಎಂದು ಕೆಲವರು ಕೇಳಬಹುದು. ಸುಳ್ಳು ಹೇಳಿದವನನ್ನು ದಂಡಿಸಲಿ. ಅವನ ಭಯದಿಂದ ಸತ್ಯವಂತರನ್ನೆಲ್ಲ ಬರಿಗೈಯಲ್ಲಿ ಕಳಿಸುವುದು ನ್ಯಾಯವಲ್ಲ.

ನಿಯಮ ಬದಲಾಗುವವರೆಗೆ ನಾವು ವಿದ್ಯಾರ್ಥಿಗಳು ಮಾಡಬಹುದಾದ ಒಂದು ಕೆಲಸವಿದೆ. ರಜೆಗೆ ಊರಿಗೆ ಹೋದಾಗ ಹೇಳೋಣ: ಹೂಳುವ ಮೊದಲು ಪಶುವೈದ್ಯರನ್ನು ಕರೆಸಿರಿ, ಕಿವಿಯೋಲೆಯ ಸಂಖ್ಯೆ ಕಾಣುವಂತೆ ಚಿತ್ರ ತೆಗೆಯಿರಿ. ಅಂದು ಸಂಜೆ ಈ ಮಾತು ನಮ್ಮ ತಂದೆಗೆ ತಿಳಿದಿರಲಿಲ್ಲ. ನಾನಾಗಲೇ ಕಾಲೇಜಿನ ವಿದ್ಯಾರ್ಥಿ. ಆದರೂ ನನಗೂ ತಿಳಿದಿರಲಿಲ್ಲ.